ಕೂಗಲಿ, ಕೊಲ್ಲುವುದು ಬೇಡ

ಲಿನಕ್ಸ್ ಕರ್ನಲ್‌ನ ಕೋಡಿನಲ್ಲಿ ಬಗ್-ಆನ್ ಎಂಬ ಮ್ಯಾಕ್ರೋ ಇದೆ, ಅದರ ಪಕ್ಕದಲ್ಲೇ ವಾರ್ನ್-ಆನ್ ಎಂಬ ಇನ್ನೊಂದಿದೆ. ಎರಡೂ ಕೇಳುವುದು ಒಂದೇ ಪ್ರಶ್ನೆ: ಎಂದೂ ಆಗಬಾರದ್ದು ಈಗ ಆಯಿತೇ? ಆಯಿತೆಂದರೆ ಮೊದಲನೆಯದು ಅಲ್ಲಿಗೇ ಕತೆ ಮುಗಿಸುತ್ತದೆ. ಎರಡನೆಯದು ಲಾಗ್‌ನಲ್ಲಿ ಗದ್ದಲವೆಬ್ಬಿಸಿ ಮುಂದಿನ ಸಾಲಿಗೆ ಹೋಗುತ್ತದೆ. ಸೋಜಿಗವೆಂದರೆ, ಎಕ್ಸ್86 ಪ್ರೊಸೆಸರ್‌ನ ಮಟ್ಟಕ್ಕೆ ಇಳಿದು ನೋಡಿದರೆ ಇವೆರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಕಡೆ ಸಾಮಾನ್ಯವಾಗಿ ಕೂರುವುದು ಯುಡಿ2 ಎಂಬ ಎರಡು ಬೈಟಿನ ಆದೇಶ. ಬೇಕೆಂದೇ ಅಮಾನ್ಯವಾಗಿಟ್ಟ ಆದೇಶ ಅದು. ಪ್ರೊಸೆಸರ್ ಅಲ್ಲಿ ಎಡವಿ ಕರ್ನಲ್‌ನ ಟ್ರ್ಯಾಪ್ ಹ್ಯಾಂಡ್ಲರ್‌ಗೆ ಬಂದು ಬೀಳುತ್ತದೆ. ಹ್ಯಾಂಡ್ಲರ್ ಒಂದು ಪಟ್ಟಿ ತೆರೆದು, ಎಡವಿದ ವಿಳಾಸ ಯಾವ ಫೈಲಿನ ಎಷ್ಟನೇ ಸಾಲಿನದು, ಅದರ ಎದುರಿಗೆ ಎಚ್ಚರಿಕೆಯ ಗುರುತು ಇದೆಯೇ ಎಂದು ನೋಡುತ್ತದೆ. ಗುರುತಿದ್ದರೆ ವರದಿ ಬರೆದು, ಆದೇಶದ ವಿಳಾಸವನ್ನು ಎರಡು ಬೈಟು ಮುಂದಕ್ಕೆ ತಳ್ಳಿ, ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಇಲ್ಲದಿದ್ದರೆ ಊಪ್ಸ್, ಅಂದರೆ ಕರ್ನಲ್‌ನ ಪ್ರಾಣಾಂತಿಕ ದೋಷ. ಉಳಿಯುವುದಕ್ಕೂ ಸಾಯುವುದಕ್ಕೂ ನಡುವೆ ಇರುವುದು ಒಂದು ಬಿಟ್. ಅದನ್ನು ಇಟ್ಟವರು ಎಂದೋ ಎಲ್ಲೋ ಕುಳಿತು ಆ ಸಾಲು ಬರೆದ ಪ್ರೋಗ್ರಾಮರ್. ತಪ್ಪು ಕಂಡೆನೆಂದು ಹೇಳುವುದು ಅವರ ಕರ್ತವ್ಯ. ಯಂತ್ರ ಸಾಯಬೇಕೋ ಬೇಡವೋ ಎಂಬ ತೀರ್ಪು ಮಾತ್ರ ಅವರದಲ್ಲ ಎಂಬುದು ನನ್ನ ವಾದ.

ಈ ತೀರ್ಪನ್ನು ಪ್ರೋಗ್ರಾಮರ್ ಕೈಗೆ ಕೊಟ್ಟದ್ದು ಯೂನಿಕ್ಸ್. ಅದಕ್ಕೂ ಹಿಂದಿನ ಕಾರ್ಯಾಚರಣಾ ವ್ಯವಸ್ಥೆಯಾದ ಮಲ್ಟಿಕ್ಸ್‌ನಲ್ಲಿ ಟಾಮ್ ವಾನ್ ವ್ಲೆಕ್ ಬರೆಯುತ್ತಿದ್ದ ಕೋಡಿನಲ್ಲಿ ಅರ್ಧದಷ್ಟು ದೋಷದಿಂದ ಚೇತರಿಸಿಕೊಳ್ಳುವ ಕೋಡೇ ಆಗಿತ್ತಂತೆ. ಅವರು ಇದನ್ನು ಹೇಳಿದಾಗ ಯೂನಿಕ್ಸ್‌ನ ಡೆನ್ನಿಸ್ ರಿಚಿ, ನಾವು ಅದನ್ನೆಲ್ಲ ಬಿಟ್ಟುಬಿಟ್ಟೆವು, ನಮ್ಮಲ್ಲಿ ಪ್ಯಾನಿಕ್ ಎಂಬ ಒಂದು ರೂಟೀನ್ ಇದೆ, ಅದು ಯಂತ್ರವನ್ನು ನಿಲ್ಲಿಸುತ್ತದೆ, ಆಮೇಲೆ ಪಡಸಾಲೆಯತ್ತ ಕೂಗಿ ರೀಬೂಟ್ ಮಾಡಿಸುತ್ತೇವೆ ಎಂದರಂತೆ. ಬೆಲ್ ಲ್ಯಾಬ್ಸ್‌ನ ಅಂದಿನ ಸ್ಥಿತಿಗೆ ಅದು ಜಾಣತನವೇ. ಯಂತ್ರ ಒಂದು, ಬಳಸುವವರು ಬೆರಳೆಣಿಕೆಯವರು, ಕೂಗಿದರೆ ಕೇಳುವ ದೂರದಲ್ಲೇ ಎಲ್ಲರೂ ಇದ್ದರು. ಯೂನಿಕ್ಸ್ ಆರನೇ ಆವೃತ್ತಿಯ ಪ್ಯಾನಿಕ್ ಕೆಲವೇ ಸಾಲುಗಳದು: ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆದು, ಕಾರಣವನ್ನು ಅಚ್ಚಿಸಿ, ಮುಗಿಯದ ಲೂಪಿನಲ್ಲಿ ಸುಮ್ಮನಾಗುತ್ತದೆ. ಇಂದಿನ ಲಿನಕ್ಸ್ ಅಷ್ಟನ್ನೂ ಮಾಡುವುದಿಲ್ಲ. ಅದರ ಪ್ಯಾನಿಕ್ ಸಂದೇಶದಲ್ಲಿ ಬರುವ 'ನಾಟ್ ಸಿಂಕಿಂಗ್' ಎಂಬ ಮಾತು, ಡಿಸ್ಕಿಗೆ ಏನನ್ನೂ ಬರೆಯುತ್ತಿಲ್ಲ ಎಂಬ ಘೋಷಣೆ. ತಲೆ ಕೆಟ್ಟ ಕರ್ನಲ್ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಇಳಿಸಿದರೆ ಇದ್ದ ಒಳ್ಳೆಯ ದತ್ತಾಂಶವೂ ಹಾಳು. ಪ್ಯಾನಿಕ್‌ನ ಪರವಾಗಿ ಇರುವ ಅತ್ಯಂತ ಗಟ್ಟಿ ವಾದ ಇದೇ; ಇದಕ್ಕೆ ಮತ್ತೆ ಬರೋಣ.

ಕೂಗಿದರೆ ಕೇಳುವ ದೂರ ಈಗ ಉಳಿದಿಲ್ಲ. ಬಗ್-ಆನ್ ಹಾರಿಸುವುದು ಆ ಹೊತ್ತಿಗೆ ಓಡುತ್ತಿದ್ದ ಪ್ರಾಸೆಸ್‌ನ ತಲೆಯನ್ನು ಮಾತ್ರ. ಆದರೆ ಆ ಪ್ರಾಸೆಸ್ ಹಿಡಿದುಕೊಂಡ ಬೀಗಗಳನ್ನು ಬಿಡಿಸುವವರು ಯಾರೂ ಇಲ್ಲ. ಅದೇ ಬೀಗಕ್ಕಾಗಿ ಬಂದ ಪ್ರಾಸೆಸ್‌ಗಳೆಲ್ಲ ಸಾಲಾಗಿ ನಿಂತು, ಸ್ವಲ್ಪ ಹೊತ್ತಿಗೆ ಇಡೀ ವ್ಯವಸ್ಥೆ ಮರಗಟ್ಟುತ್ತದೆ. ತಪ್ಪು ಇಂಟರಪ್ಟ್ ನಡುವೆ ಆಗಿದ್ದರಂತೂ ನೇರ ಪ್ಯಾನಿಕ್. ಗ್ರಾಫಿಕ್ಸ್ ಪರದೆಯ ಮುಂದೆ ಕುಳಿತವರಿಗೆ ಕಾಣುವುದು ಅಲುಗಾಡದ ಮೌಸ್ ಮಾತ್ರ. ವರದಿ ಮೆಮೊರಿಯಲ್ಲೇ ಉಳಿದು, ಡಿಸ್ಕ್ ಮುಟ್ಟದೆ, ಪವರ್ ಗುಂಡಿ ಒತ್ತಿದೊಡನೆ ಅಳಿಸಿಹೋಗುತ್ತದೆ. ಸಾವು ಉಂಟು, ಪಂಚನಾಮೆ ಇಲ್ಲ. 2016ರ ಅಕ್ಟೋಬರ್‌ನಲ್ಲಿ ಲಿನಕ್ಸ್ 4.8 ಆವೃತ್ತಿ ಹೊರಬಂದ ಬೆನ್ನಿಗೇ ಇಂಥದ್ದು ನಡೆಯಿತು. ಬಿಡುಗಡೆಯ ಕೊನೆಗಳಿಗೆಯಲ್ಲಿ ಮೆಮೊರಿ ನಿರ್ವಹಣೆಯ ಭಾಗಕ್ಕೆ ಸೇರಿಕೊಂಡಿದ್ದ ಬಗ್-ಆನ್ ಸಾಲೊಂದು ಕರ್ನಲ್ಲನ್ನೇ ಕೆಡವಿತು. ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಆ ಪ್ಯಾಚುಗಳನ್ನು ಒಪ್ಪಿಕೊಂಡದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು. ಸಿಟ್ಟನ್ನೂ ಬಹಿರಂಗವಾಗಿಯೇ ಕಾರಿದರು. ಅವರ ಸಿಟ್ಟಿನ ಧಾಟಿ ನನಗೆ ಒಪ್ಪಿಗೆಯಿಲ್ಲ, ಅದರ ತಿರುಳು ಒಪ್ಪಿಗೆ: ತಪ್ಪು ಹುಡುಕಲೆಂದು ಹಾಕಿದ ಪರೀಕ್ಷೆ ತಾನು ಹುಡುಕಿದ ತಪ್ಪಿಗಿಂತ ದೊಡ್ಡ ಹಾನಿ ಮಾಡಬಾರದು.

ಉಳಿದು ಬಂದ ವರದಿಯೊಂದನ್ನು ಓದಿದರೆ ಏನನ್ನು ಕಳೆದುಕೊಳ್ಳುತ್ತಿದ್ದೆವೆಂದು ಗೊತ್ತಾಗುತ್ತದೆ. ಮೊದಲಿಗೆ ಗೆರೆಗಳ ನಡುವೆ 'ಕಟ್ ಹಿಯರ್' ಎಂಬ ಸಾಲು, ಇಲ್ಲಿಂದ ಕತ್ತರಿಸಿ ಕಳಿಸಿ ಎಂಬ ವಿನಯದ ಕೋರಿಕೆ. ಆಮೇಲೆ ಫೈಲು, ಸಾಲಿನ ಸಂಖ್ಯೆ, ಯಾವ ಸಿಪಿಯು, ಯಾವ ಪ್ರಾಸೆಸ್, ರಿಜಿಸ್ಟರ್‌ಗಳಲ್ಲಿ ಏನಿತ್ತು. ಕೊನೆಗೆ ಕಾಲ್ ಟ್ರೇಸ್, ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ತಲುಪಿತೆಂಬ ವಂಶಾವಳಿ. ಪಳಗಿದ ಕಣ್ಣು ಮೊದಲು ಹೋಗುವುದು ನಡುವಿನ 'ಟೇಂಟೆಡ್' ಎಂಬ ಮಾತಿನ ಮುಂದಿನ ಅಕ್ಷರಗಳ ಕಡೆಗೆ. ಪಿ ಇದ್ದರೆ ಮೂಲ ಕೋಡ್ ಮುಚ್ಚಿಟ್ಟ ಖಾಸಗಿ ಮಾಡ್ಯೂಲ್ ಸೇರಿದೆ. ಓ ಇದ್ದರೆ ಕರ್ನಲ್ ಆಚೆ ಬೆಳೆದ ಮಾಡ್ಯೂಲ್. ಡಬ್ಲ್ಯು ಇದ್ದರೆ ಇದಕ್ಕೂ ಮೊದಲೇ ಒಂದು ಎಚ್ಚರಿಕೆ ಬಂದಿತ್ತು. ಡಿ ಇದ್ದರೆ ಒಂದು ಸಾವೇ ಆಗಿತ್ತು. ಕೊನೆಯ ಎರಡರಲ್ಲಿ ಯಾವುದು ಕಂಡರೂ ಈ ವರದಿಯನ್ನು ಪಕ್ಕಕ್ಕಿಟ್ಟು ಹಿಂದಿನದನ್ನು ಹುಡುಕಬೇಕು, ಏಕೆಂದರೆ ಮೂಲ ರೋಗ ಅಲ್ಲಿರುವ ಸಂಭವ ಹೆಚ್ಚು. ಯಂತ್ರ ಬದುಕಿದ್ದರೆ ಮಾತ್ರ ಆ ಹಿಂದಿನದು ಕೈಗೆ ಸಿಗುತ್ತದೆ. ಕೆಡಂಪ್ ಇದೆಯಲ್ಲ, ಮೀಸಲಿಟ್ಟ ಮೆಮೊರಿಯಲ್ಲಿ ಇನ್ನೊಂದು ಕರ್ನಲ್ ಎದ್ದು ಸತ್ತದ್ದರ ಚಿತ್ರ ತೆಗೆಯುತ್ತದಲ್ಲ ಎನ್ನಬಹುದು. ಸರ್ವರ್‌ಗಳಲ್ಲಿ ಹೌದು, ಮನೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಸಜ್ಜುಮಾಡಿಟ್ಟವರು ವಿರಳ.

ಭದ್ರತೆಯ ತಜ್ಞರ ಆಕ್ಷೇಪ ಕೆಡಂಪ್‌ನ ಮಾತಿಗಿಂತ ಭಾರವಾದದ್ದು. ಕರ್ನಲ್‌ನ ಲೆಕ್ಕ ತಪ್ಪಿದೆಯೆಂದು ಗೊತ್ತಾದ ಮೇಲೂ ಮುಂದುವರಿದರೆ ದಾಳಿಕೋರನಿಗೆ ಬಾಗಿಲು ತೆರೆದಿಟ್ಟ ಹಾಗೆ, ಸತ್ತ ಯಂತ್ರವನ್ನು ಯಾರೂ ಕದಿಯಲಾರರು ಎನ್ನುತ್ತಾರೆ ಅವರು. ಮಾತಿನಲ್ಲಿ ಹುರುಳಿದೆ. ಆದರೆ ಕೊಲ್ಲು, ಇಲ್ಲವೇ ಕಣ್ಣುಮುಚ್ಚಿ ನಡೆ ಎಂಬ ಎರಡೇ ದಾರಿ ಇವೆಯೆಂದು ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. 2017ರಲ್ಲಿ ಕರ್ನಲ್‌ಗೆ ಬಂದ ರೆಫ್‌ಕೌಂಟ್-ಟಿ ಮೂರನೆಯ ದಾರಿ ತೋರಿಸಿತು. ಒಂದು ವಸ್ತುವನ್ನು ಎಷ್ಟು ಜನ ಬಳಸುತ್ತಿದ್ದಾರೆಂಬ ಎಣಿಕೆ ಮಿತಿ ಮೀರಿ ಸೊನ್ನೆಗೆ ಉರುಳಿದರೆ, ಬಳಕೆಯಲ್ಲಿರುವಾಗಲೇ ಆ ವಸ್ತುವಿನ ಮೆಮೊರಿ ಬಿಡುಗಡೆಯಾಗುತ್ತದೆ. ದಾಳಿಕೋರರು ಕಾಯುವುದು ಇದನ್ನೇ. ರೆಫ್‌ಕೌಂಟ್-ಟಿ ಎಣಿಕೆಯನ್ನು ಉರುಳಲು ಬಿಡದೆ ಒಂದು ಮಟ್ಟದಲ್ಲಿ ಕಚ್ಚಿ ನಿಲ್ಲಿಸಿ, ಎಚ್ಚರಿಕೆ ಬರೆದು, ಆ ಮೆಮೊರಿಯನ್ನು ಮತ್ತೆಂದೂ ಬಿಡುಗಡೆ ಮಾಡದೆ ಸೋರಲು ಬಿಡುತ್ತದೆ. ಅಷ್ಟು ಮೆಮೊರಿ ನಷ್ಟ, ಯಂತ್ರ ಉಳಿಯಿತು, ದಾಳಿಯೂ ತಪ್ಪಿತು. ಅದೂ ಸಾಲದು, ಸಣ್ಣ ಸಂಶಯಕ್ಕೂ ಯಂತ್ರ ನಿಲ್ಲಲಿ ಎನ್ನುವವರಿಗೆ ಪ್ಯಾನಿಕ್-ಆನ್-ವಾರ್ನ್ ಎಂಬ ಸ್ವಿಚ್ ಇದೆ: ಒತ್ತಿದರೆ ಪ್ರತಿ ಎಚ್ಚರಿಕೆಯೂ ಮರಣದಂಡನೆ. ಒಂದು ಸತ್ತರೆ ಇನ್ನೊಂದು ಕೆಲಸ ಹೊರುವ ಡೇಟಾ ಸೆಂಟರ್‌ಗೆ ಅದು ಸರಿಯಾದ ಆಯ್ಕೆಯೇ. ಆಯ್ಕೆ ಯಂತ್ರದ ಒಡೆಯರದು, ನನ್ನ ವಾದವೂ ಅಷ್ಟೇ. ಹಾಗೆಂದು ಎಷ್ಟು ಸಲ ಊಪ್ಸ್ ಆದರೂ ಬದುಕುತ್ತಲೇ ಇರಲಿ ಎಂದಲ್ಲ. ಒಂದೊಂದು ಊಪ್ಸ್ ಕೂಡ ಒಂದೊಂದು ಎಣಿಕೆಯನ್ನು ಬಾಕಿ ಉಳಿಸಿ ಹೋಗುವುದರಿಂದ, ಮತ್ತೆ ಮತ್ತೆ ಊಪ್ಸ್ ಮಾಡಿಸಿಯೇ ರೆಫ್‌ಕೌಂಟ್-ಟಿ ಕಾವಲಿಲ್ಲದ ಎಣಿಕೆಯನ್ನು ಉರುಳಿಸಬಹುದೆಂದು ಗೂಗಲ್‌ನ ಯಾನ್ ಹಾರ್ನ್ ತೋರಿಸಿಕೊಟ್ಟ ಮೇಲೆ, 6.2 ಆವೃತ್ತಿಯಲ್ಲಿ ಹತ್ತು ಸಾವಿರದ ಮಿತಿ ಬಂತು. ಅದನ್ನೂ ಬದಲಿಸಿಕೊಳ್ಳಬಹುದು.

ಡಿಸ್ಕಿನ ಮಾತು ಬಾಕಿ ಇತ್ತು. ಫೈಲ್ ಸಿಸ್ಟಮ್‌ನಲ್ಲಿ ಕೇಡು ಕಂಡರೆ ಬರೆಯುವುದನ್ನು ನಿಲ್ಲಿಸಲೇಬೇಕು, ಸಂದೇಹವಿಲ್ಲ. ಆದರೆ ನಿಲ್ಲಬೇಕಾದದ್ದು ಎಷ್ಟು? ಒಂದು ಕೋಣೆಯಲ್ಲಿ ಶಾರ್ಟ್ ಆದರೆ ಆ ಕೋಣೆಯ ಫ್ಯೂಸ್ ಹೋಗಬೇಕು, ಊರಿನ ಟ್ರಾನ್ಸ್‌ಫಾರ್ಮರ್ ಅಲ್ಲ. ಇಎಕ್ಸ್‌ಟಿ4 ಇದನ್ನು ಸರಿಯಾಗಿ ಅರಿತಿದೆ: ಕೇಡು ಕಂಡಾಗ ಮುಂದುವರಿಯಬೇಕೋ, ಓದಲು ಮಾತ್ರ ಬಿಡಬೇಕೋ, ಪ್ಯಾನಿಕ್ ಆಗಬೇಕೋ ಎಂದು ಮೌಂಟ್ ಮಾಡುವವರನ್ನೇ ಕೇಳುತ್ತದೆ. ಎಕ್ಸ್‌ಎಫ್‌ಎಸ್ ತನ್ನೊಂದನ್ನೇ ಮುಚ್ಚಿಕೊಳ್ಳುತ್ತದೆ. ಇನ್ನು 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಡ್ರೈವರ್ 20 ಮೌಲ್ಯಗಳಿದ್ದ ಕಡೆ 21ನೆಯದನ್ನು ಓದಲು ಹೋಯಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸವನ್ನು ಕೈಯಿಂದಲೇ ಮಾಡಬೇಕಾಯಿತು. ಇಲ್ಲಿ ವಿಂಡೋಸ್ ತಪ್ಪು ಮಾಡಿತೆನ್ನಲಾರೆ. ಕರ್ನಲ್‌ನ ಒಳಗೇ ಕುಳಿತ ಡ್ರೈವರ್ ಇಲ್ಲದ ವಿಳಾಸವನ್ನು ಓದಿದಾಗ ನಂಬಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಕೊರತೆ ಇದ್ದದ್ದು ಅದಕ್ಕೂ ಒಂದು ಹೆಜ್ಜೆ ಹಿಂದೆ: ಗಡಿ ನೋಡಿ, ಮೀರಿದ್ದರೆ ದೂರು ಬರೆದು, ಆ ಓದನ್ನು ಕೈಬಿಡುವ ಒಂದು ಪರೀಕ್ಷೆ. ಸಂಸ್ಥೆ ಆಮೇಲೆ ಸೇರಿಸಿದ್ದು ಅಂಥ ಪರೀಕ್ಷೆಯನ್ನೇ. ಬೂಟ್ ಆಗುವಾಗಲೇ ಮೇಲೇಳುವ ಡ್ರೈವರ್ ಅದಾದ್ದರಿಂದ ರೀಬೂಟ್ ಎಂಬ ರಾಮಬಾಣವೂ ಕೆಲಸಕ್ಕೆ ಬಾರದೆ, ಅನೇಕ ಯಂತ್ರಗಳನ್ನು ಜನ ಒಂದೊಂದಾಗಿ ಕೈಯಾರೆ ಎಬ್ಬಿಸಬೇಕಾಯಿತು.

ಕೊಲ್ಲುವುದು ಬೇಡವೆಂದರೆ ಎಲ್ಲರೂ ಕಂಡಕಂಡಲ್ಲಿ ವಾರ್ನ್-ಆನ್ ಹಾಕಿ, ಲಾಗ್ ಸಂತೆಯಾಗುತ್ತದೆ ಎಂಬ ದೂರು ನ್ಯಾಯವಾದದ್ದು. ಬಳಕೆದಾರ ತಪ್ಪು ಮೌಲ್ಯ ಕೊಟ್ಟನೆಂದು ಕಾಲ್ ಟ್ರೇಸ್ ಸಮೇತ ಬೊಬ್ಬೆ ಹಾಕುವ ಡ್ರೈವರ್‌ಗಳು ಬೇಕಾದಷ್ಟಿವೆ. ಆಗಬಹುದಾದ, ಆದರೆ ಆಗದಿದ್ದರೆ ಒಳ್ಳೆಯದಾದ ಸಂಗತಿಗೆ ಪಿಆರ್-ವಾರ್ನ್‌ನ ಒಂದು ಸಾಲು ಸಾಕು. ವಾರ್ನ್-ಆನ್ ಇರುವುದು ಆಗಲು ಸಾಧ್ಯವೇ ಇಲ್ಲದ್ದು ಆದಾಗ, ಅದೂ ಒಂದೇ ಬಾರಿ ಕೂಗುವ 'ಒನ್ಸ್' ರೂಪದಲ್ಲಿ. ಈ ಶಿಸ್ತು ಈಗ ಬರೀ ಅಭಿರುಚಿಯ ಮಾತಾಗಿ ಉಳಿದಿಲ್ಲ. 2024ರ ಫೆಬ್ರವರಿಯಿಂದ ಲಿನಕ್ಸ್ ಕರ್ನಲ್ ತಂಡವೇ ತನ್ನ ಭದ್ರತಾ ದೋಷಗಳಿಗೆ ಸಿವಿಇ ಸಂಖ್ಯೆ ಕೊಡುತ್ತಿದೆ. ಹೊರಗಿನವರು ಎಬ್ಬಿಸಬಹುದಾದ ವಾರ್ನ್-ಆನ್‌ಗೂ ಆ ಸಂಖ್ಯೆ ಸಿಗುತ್ತದೆ, ಏಕೆಂದರೆ ಪ್ಯಾನಿಕ್-ಆನ್-ವಾರ್ನ್ ಒತ್ತಿಟ್ಟ ಯಂತ್ರಗಳಲ್ಲಿ ಅದು ಯಂತ್ರವನ್ನು ಬೀಳಿಸುವ ಅಸ್ತ್ರ. ಹೊಸ ಕೋಡಿನಲ್ಲಿ ಬಗ್-ಆನ್ ಬೇಡವೆಂದು 2022ರಲ್ಲೇ ಕೋಡಿಂಗ್ ಶೈಲಿಯ ದಾಖಲೆಗೆ ತಿದ್ದುಪಡಿ ಬರೆದದ್ದಾಗಿದೆ. ಹಳೆಯವು ಸಾವಿರಾರು ಇನ್ನೂ ಹಾಗೇ ಇವೆ.

ಈ ಜಗಳ ಈಗ ರಸ್ಟ್ ಭಾಷೆಯ ಅಂಗಳಕ್ಕೆ ಬಂದಿದೆ. ರಸ್ಟ್‌ನಲ್ಲಿ ಅರೇಯ ಗಡಿ ಮೀರಿದರೆ ಪ್ಯಾನಿಕ್. ಕರ್ನಲ್‌ನ ಒಳಗೆ ಆ ಪ್ಯಾನಿಕ್ ಹೋಗಿ ಮುಟ್ಟುವುದು ಬಗ್ ಮ್ಯಾಕ್ರೋವನ್ನೇ. ಮೆಮೊರಿ ಸಿಗಲಿಲ್ಲವೆಂದು ಪ್ಯಾನಿಕ್ ಆಗುವುದನ್ನು ಟೊರ್ವಾಲ್ಡ್ಸ್ 2021ರಲ್ಲೇ ಒಪ್ಪಲಿಲ್ಲ. ಕರ್ನಲ್‌ನ ರಸ್ಟ್ ಕೋಡ್ ಈಗ ಮೆಮೊರಿ ಕೇಳಿದ ಕಡೆಯೆಲ್ಲ ಸೋಲನ್ನು ಮೌಲ್ಯವಾಗಿ ಹಿಂದಿರುಗಿಸುತ್ತದೆ, ಕರೆದವರು ಅದನ್ನು ನೋಡಿಕೊಳ್ಳಬೇಕು. ಗಡಿಯ ವಿಷಯ ಮಾತ್ರ ಬರೆಯುವವರ ಎಚ್ಚರಕ್ಕೆ ಬಿಟ್ಟದ್ದು. 6.12ರಲ್ಲಿ ಬಂದ ರಸ್ಟ್ ಕೋಡಿನ ತುಂಡೊಂದಕ್ಕೆ ಈ ಎಚ್ಚರ ಎಲ್ಲಕ್ಕಿಂತ ಹೆಚ್ಚು ಬೇಕು: ಕರ್ನಲ್ ಪ್ಯಾನಿಕ್ ಆದಾಗ ಲಾಗನ್ನು ಕ್ಯೂಆರ್ ಕೋಡ್ ಮಾಡಿ ಪರದೆಗೆ ಬಿಡಿಸುವುದು ಅದರ ಕೆಲಸ. ಹೊಸದಾಗಿ ಮೆಮೊರಿ ಕೇಳುವ ಹಾಗಿಲ್ಲ, ಮೊದಲೇ ಎತ್ತಿಟ್ಟ ಜಾಗದಲ್ಲೇ ಚಿತ್ರ ಬರೆಯಬೇಕು, ತಾನಂತೂ ಪ್ಯಾನಿಕ್ ಆಗುವಂತಿಲ್ಲ.