ಕುಣಿತ, ದಾಸೋಹ ಮತ್ತು ಕಂಸಾಳೆ

ಬಸವಣ್ಣನವರು ಒಂದು ವಚನದಲ್ಲಿ ತಮ್ಮ ದೇಹವನ್ನೇ ತಂತಿವಾದ್ಯವಾಗಿಸಿ ನುಡಿಸಬೇಕೆಂದು ಕೂಡಲಸಂಗನಲ್ಲಿ ಮೊರೆಯಿಡುತ್ತಾರೆ. ಇನ್ನೊಂದರಲ್ಲಿ ತ್ರಿವಿಧ ದಾಸೋಹವಿಲ್ಲದವರ ಕುಣಿತವನ್ನು ನವಿಲಿನ ಕುಣಿತಕ್ಕೆ ಸಮನೆಂದು ತಳ್ಳಿಹಾಕುತ್ತಾರೆ. ಮೊದಲನೆಯದನ್ನು ಮಾತ್ರ ಹಿಡಿದು ನೃತ್ಯವೇ ಮುಕ್ತಿಮಾರ್ಗವೆಂದು ಸಾಧಿಸಹೊರಡುವುದು ಅವಸರದ ವಿಮರ್ಶೆ. ಎರಡನೆಯದನ್ನು ಮಾತ್ರ ಹಿಡಿದು, ಶರಣರು ಕುಣಿತವನ್ನೇ ಅಲ್ಲಗಳೆದರೆನ್ನುವುದೂ ಅಷ್ಟೇ ಅರೆನೋಟ. ಅಲ್ಲಿ ನಿರಾಕೃತವಾದುದು ಅರ್ಪಣೆಯಿಲ್ಲದ ಕುಣಿತ ಮಾತ್ರ.

ಈ ಭೇದವನ್ನು ತಿಳಿಯಲು ಗ್ರಂಥಗಳಿಗಿಂತ ಬೀಸು ಕಂಸಾಳೆ ಹೆಚ್ಚು ನೆರವಾದೀತು. ದಾಸೋಹಕ್ಕೆ ಹೆಸರಾದ ಗುರುಮಲ್ಲೇಶ್ವರರ ದೇವನೂರನ್ನು ಒಳಗೊಂಡ ನಂಜನಗೂಡು ಸೀಮೆಯಲ್ಲಿ ಅದು ಮನೆಮಾತಾದ ಕಲೆ. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಕುಚ್ಚು ಕಟ್ಟಿದ ಚಪ್ಪಟೆ ತಾಳ. ಬೀಸಿದ ತಾಳವು ತಲೆಯ ಮೇಲೆ, ಬೆನ್ನ ಹಿಂದೆ ಸುತ್ತಿ ಬಂದು ಬಟ್ಟಲನ್ನೇ ಮುಟ್ಟಬೇಕು. ಮನಸ್ಸು ಕ್ಷಣಕಾಲ ಚೆದುರಿದರೂ ಲಯ ತಪ್ಪುತ್ತದೆ. (ಪಕ್ಕದವನಿಗೆ ಪೆಟ್ಟು ಬೀಳುವುದೂ ಉಂಟು.) ಇಷ್ಟಾದರೂ ಮಲೆಯ ಮಾದೇಶ್ವರನ ದೇವರಗುಡ್ಡನಿಗೆ ಈ ಕೌಶಲಕ್ಕಿಂತ ಮೊದಲು ದೀಕ್ಷೆಯಿದೆ, ಜೋಳಿಗೆಯಿದೆ, ಮಾದಪ್ಪನ ಹೆಸರಿನ ಭಿಕ್ಷೆಯಿದೆ.

ಪಿ.ಕೆ. ರಾಜಶೇಖರ ಅವರು 1973ರಲ್ಲಿ ಹೊರತಂದ ಮಾದೇಶ್ವರ ಕಾವ್ಯದ ಸಂಪಾದನೆಯಿಂದ ಹಾಡು ವಿದ್ವಾಂಸರ ಕೈಸೇರಿತು. ಹೆಜ್ಜೆ ಅಚ್ಚಿಗೆ ಬರುವಂತಹುದಲ್ಲ. ಆದಕಾರಣ ವಿಮರ್ಶೆಯೂ ಅದನ್ನು ಮರೆತಿತು. ಇಂದು ವೇದಿಕೆಗಳಲ್ಲಿ ದೀಕ್ಷೆ ಪಡೆಯದ ತಂಡಗಳು ಅವೇ ವರಸೆಗಳನ್ನು ಇನ್ನಷ್ಟು ಚುರುಕಾಗಿ ತೋರಿಸುತ್ತವೆ. ಅವರ ಶ್ರಮವನ್ನು ಹಳಿಯಬೇಕಿಲ್ಲ. ಅದನ್ನು ಸಾಧನೆಯೆಂದು ಕರೆಯುವ ಮುನ್ನ ಮಾತ್ರ ಜೋಳಿಗೆ ಎಲ್ಲಿದೆಯೆಂದು ಕೇಳಬೇಕಾಗುತ್ತದೆ.