ಕಾಮಸಮುದ್ರದ ಮೇಲಿನ ಸೂರ್ಯನೇ ಬೇರೆ

ಸೂರ್ಯನಲ್ಲಿ ದೊಡ್ಡ ಸ್ಫೋಟವಾದಾಗಲೆಲ್ಲ ಟಿ.ವಿ. ಚಾನೆಲ್‌ಗಳಲ್ಲಿ ಒಂದೇ ಮಾತು: ಸೌರ ಬಿರುಗಾಳಿ ಬರುತ್ತಿದೆ, ಮೊಬೈಲ್ ನಿಲ್ಲುತ್ತದೆ, ರೇಡಿಯೊ ಬಂದ್ ಆಗುತ್ತದೆ. ಹವ್ಯಾಸಕ್ಕಾಗಿ ರೇಡಿಯೊ ನಡೆಸುವ ಹ್ಯಾಮ್‌ಗಳ ನಂಬಿಕೆ ಇದಕ್ಕಿಂತ ತಿಳಿವಳಿಕೆಯದು, ಆದರೆ ಅಷ್ಟೇ ಗಟ್ಟಿಯಾಗಿ ಬೇರೂರಿದೆ. ಸೂರ್ಯಕಲೆಗಳು ಹೆಚ್ಚಿದ್ದರೆ ಬ್ಯಾಂಡ್ ಓಪನ್, ಅಂದರೆ ದೂರದ ಮಾತು ಕೇಳುತ್ತದೆ; ಕಡಿಮೆಯಾದರೆ ಹನ್ನೊಂದು ವರ್ಷದ ಮುಂದಿನ ಸೌರಚಕ್ರ ಏರುವವರೆಗೆ ಕಾಯಬೇಕು. ಭೂಮಿಯ ಕಾಂತಕ್ಷೇತ್ರದ ಕಲಕಾಟ ಅಳೆಯುವ ಕೆ ಸೂಚ್ಯಂಕ ಏರಿದ ದಿನ ಸೆಟ್ ಆಫ್ ಮಾಡಿ ಎದ್ದುಬಿಡಬೇಕು. ಈ ಎರಡೂ ಅಭಿಪ್ರಾಯಗಳು ಬೇರೆ ಅಕ್ಷಾಂಶದ ಆಕಾಶವನ್ನು ನೋಡಿ ಹುಟ್ಟಿದವು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಲ್ಲಿ ನಿಂತು ಪರೀಕ್ಷಿಸಿದರೆ ಎರಡೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಕಾಮಸಮುದ್ರವನ್ನು ಸುಮ್ಮನೆ ಆರಿಸಿಕೊಂಡಿಲ್ಲ. ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಬಂಗಾರಪೇಟೆ ದಾಟಿ ಕುಪ್ಪಂ ಕಡೆ ಇಳಿಯುವಾಗ ಸಿಗುವ ಹೋಬಳಿ ಅದು. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ, ಕಾಡಂಚಿನ, ಆನೆ ಹಿಂಡು ರಾಗಿ ಹೊಲಕ್ಕೆ ನುಗ್ಗುವ ಸೀಮೆ. ಅಕ್ಷಾಂಶ ಹತ್ತಿರ ಹತ್ತಿರ 13 ಡಿಗ್ರಿ ಉತ್ತರ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಪಟ್ಟಣದ ವಿದ್ಯುತ್ ಗದ್ದಲವೂ ಕಡಿಮೆ. ಎರಡು ನೀಲಗಿರಿ ಮರಗಳ ನಡುವೆ ಐದು ಮೀಟರ್ ತಂತಿ ಎಳೆದು, ಮಧ್ಯದಲ್ಲಿ ಕೇಬಲ್ ಕಟ್ಟಿದರೆ 28 ಮೆಗಾಹರ್ಟ್ಸ್‌ನ ಡೈಪೋಲ್ ಆಂಟೆನಾ ಸಿದ್ಧ. ಸೂರ್ಯ ರೇಡಿಯೊಗೆ ಏನು ಮಾಡುತ್ತಾನೆಂದು ನೋಡಲು ಅಷ್ಟು ಸಾಕು.

ಟಿ.ವಿ.ಯ ಮಾತನ್ನು ಮೊದಲು ಮುಗಿಸಿಬಿಡೋಣ. ಮೊಬೈಲ್ ಫೋನಿನ ತರಂಗ ಆಕಾಶಕ್ಕೆ ಬಡಿದು ಹಿಂದಿರುಗುವಂಥದ್ದಲ್ಲ. ಅದು ಕೈಯಿಂದ ಟವರಿಗೆ ನೇರ ಹೋಗುತ್ತದೆ, ಅಲ್ಲಿಂದ ಮುಂದೆ ಬಹುಮಟ್ಟಿಗೆ ನೆಲದ ಕೇಬಲ್. ಅರಣ್ಯ ಇಲಾಖೆಯವರ ವಾಕಿಟಾಕಿಯೂ ಹಾಗೆಯೇ: ಅದು ಕೈಕೊಡುವುದು ನಡುವೆ ಗುಡ್ಡ ಅಡ್ಡ ಬಂದಾಗ. 2024ರ ಮೇ 10ರ ರಾತ್ರಿ, ಭಾರತೀಯ ಕಾಲಮಾನ ಹತ್ತೂವರೆಯ ಹೊತ್ತಿಗೆ, 2003ರ ನಂತರದ ಅತಿ ದೊಡ್ಡ ಭೂಕಾಂತೀಯ ಬಿರುಗಾಳಿ ಭೂಮಿಗೆ ಅಪ್ಪಳಿಸಿತು. ಲಡಾಖಿನ ಹಾನ್ಲೆಯಲ್ಲಿರುವ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ದಿಗಂತ ಕೆಂಪಾಗಿದ್ದು ದಾಖಲಾಯಿತು. ಕೋಲಾರ ಜಿಲ್ಲೆಯ ಜನ ಅದೇ ರಾತ್ರಿ ಎಂದಿನಂತೆ ಫೋನಿನಲ್ಲಿ ಮಾತಾಡಿ ಮಲಗಿದರು. ಸೂರ್ಯನನ್ನು ನಂಬಿ ಬದುಕುವುದು ಶಾರ್ಟ್‌ವೇವ್, ಅಂದರೆ 3ರಿಂದ 30 ಮೆಗಾಹರ್ಟ್ಸ್‌ವರೆಗಿನ ತರಂಗಗಳು. ಹಿಂದೆ ರೇಡಿಯೊ ಸಿಲೋನ್ ಮನೆಮನೆಗೆ ಬಂದದ್ದೂ, ಇಂದು ಹ್ಯಾಮ್‌ಗಳು ಖಂಡದಾಚೆ ಮಾತಾಡುವುದೂ ಇದೇ ತರಂಗಗಳ ಮೇಲೆ. ಇವನ್ನು ಬಾಗಿಸಿ ನೆಲಕ್ಕೆ ಮರಳಿಸುವ ಅಯಾನುಗೋಳವನ್ನು ದಿನದಿನವೂ ಕಟ್ಟುವವನು ಸೂರ್ಯನೇ. ಅವನ ಅತಿನೇರಳೆ ಕಿರಣಗಳಿಲ್ಲದಿದ್ದರೆ ಹ್ಯಾಮ್‌ಗೆ ದೂರವೇ ಇಲ್ಲ. ಹಾಗಿರುವಾಗ ಸೌರ ಚಟುವಟಿಕೆಯನ್ನು ರೇಡಿಯೊದ ಶತ್ರು ಎಂದು ಬರೆಯುವುದು ವಿಷಯವನ್ನು ತಲೆಕೆಳಗು ಮಾಡಿದಂತೆ.

ಹಾನಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಯಾವ ಹಾನಿ, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ನಾವು ಕೇಳಿಕೊಳ್ಳುತ್ತಿಲ್ಲ ಎಂಬುದು ನನ್ನ ದೂರು. ಸೌರಜ್ವಾಲೆಯ ಎಕ್ಸ್-ಕಿರಣ ಎಂಟೂ ಚಿಲ್ಲರೆ ನಿಮಿಷದಲ್ಲಿ ಇಲ್ಲಿಗೆ ತಲುಪುತ್ತದೆ. ಅಯಾನುಗೋಳದ ಕೆಳಗಿನ ಡಿ ಪದರವನ್ನು ಅದು ದಟ್ಟಗೊಳಿಸುತ್ತದೆ, ಆ ಪದರ ಶಾರ್ಟ್‌ವೇವ್ ತರಂಗಗಳನ್ನು ಹೀರಿಬಿಡುತ್ತದೆ. ಇದು ನಡೆಯುವುದು ಹಗಲಿರುವ ಅರ್ಧ ಭೂಮಿಯಲ್ಲಿ ಮಾತ್ರ. ಸೂರ್ಯ ನೆತ್ತಿಗೆ ಹತ್ತಿರವಿದ್ದಷ್ಟೂ ಹೊಡೆತ ಜಾಸ್ತಿ. ಈಗಿನ 25ನೇ ಸೌರಚಕ್ರದಲ್ಲಿ 2024ರ ಕೊನೆಯವರೆಗೆ ದಾಖಲಾದ ಎರಡು ಭಾರೀ ಜ್ವಾಲೆಗಳನ್ನೇ ತೆಗೆದುಕೊಳ್ಳಿ. ಎಕ್ಸ್ 8.7 ದರ್ಜೆಯದು 2024ರ ಮೇ 14ರಂದು ಸಿಡಿದಾಗ ನಮ್ಮಲ್ಲಿ ರಾತ್ರಿ 10 ಗಂಟೆ 21 ನಿಮಿಷ. ಎಕ್ಸ್ 9.0 ದರ್ಜೆಯದು ಅಕ್ಟೋಬರ್ 3ರಂದು, ಮೈಸೂರಿನಲ್ಲಿ ದಸರಾ ಉದ್ಘಾಟನೆಯಾದ ದಿನ ಸಂಜೆ 5 ಗಂಟೆ 48 ನಿಮಿಷಕ್ಕೆ ತುದಿ ಮುಟ್ಟಿತು. ಕೋಲಾರದಲ್ಲಿ ಸೂರ್ಯ ಆಗಲೇ ಮುಳುಗುವುದರಲ್ಲಿದ್ದ. ಎರಡೂ ಸಲ ‘ತೀವ್ರ ರೇಡಿಯೊ ಬ್ಲ್ಯಾಕೌಟ್’ ಎಂಬ ಎಚ್ಚರಿಕೆ ಜಗತ್ತಿಡೀ ಹರಿದಾಡಿತು. ಮೊದಲನೆಯದರಲ್ಲಿ ಸೂರ್ಯ ನಮ್ಮ ಕಾಲಡಿಯ ಭೂಮಿಯ ಆಚೆಗಿದ್ದ. ಎರಡನೆಯದರ ಪೂರ್ತಿ ಪೆಟ್ಟು ಬಿದ್ದದ್ದು ನಮ್ಮಿಂದ ಪಶ್ಚಿಮಕ್ಕೆ, ಆಫ್ರಿಕಾ ಮತ್ತು ಅಟ್ಲಾಂಟಿಕ್ ಮೇಲೆ.

ಇವುಗಳ ಪಕ್ಕಕ್ಕೆ 2005ರ ಜನವರಿ 20 ಅನ್ನು ಇಡಿ. ಎಕ್ಸ್ 7.1, ಪಟ್ಟಿಯಲ್ಲಿ ಕೆಳಗಿನದು. ತುದಿ ಮುಟ್ಟಿದ್ದು ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ. 2004ರ ಡಿಸೆಂಬರಿನ ಸುನಾಮಿ ಬಡಿದು ಇನ್ನೂ ತಿಂಗಳು ತುಂಬಿರಲಿಲ್ಲ. ಕಾಮಸಮುದ್ರದಲ್ಲಿ ಸೆಟ್ ಇಟ್ಟುಕೊಂಡವನಿಗೆ ಯಾವುದು ದೊಡ್ಡದು? ಜಾಗತಿಕ ಪಟ್ಟಿ ಎಕ್ಸ್ 9.0 ಅನ್ನು ಮೇಲಿಡುತ್ತದೆ, ನಮ್ಮ ಗಡಿಯಾರ ಎಕ್ಸ್ 7.1 ಅನ್ನು. ತುರ್ತು ಸಂಪರ್ಕಕ್ಕೆ ಹ್ಯಾಮ್‌ಗಳನ್ನು ನೆಚ್ಚಿಕೊಳ್ಳುವ ಜಿಲ್ಲಾಡಳಿತಕ್ಕೆ ಈ ವ್ಯತ್ಯಾಸ ಗೊತ್ತಿರಬೇಕು. ಜ್ವಾಲೆಯ ಹೊಡೆತ ಮೊದಲು ತಗ್ಗುವುದು ಮೇಲಿನ ಆವರ್ತಗಳಲ್ಲಿ. 7 ಮೆಗಾಹರ್ಟ್ಸ್ ಸತ್ತಂತಿರುವಾಗ 21 ಅಥವಾ 28ಕ್ಕೆ ಹೋಗಿ ಕರೆಯುವವನಿಗೆ ಉತ್ತರ ಬೇಗ ಸಿಗುತ್ತದೆ. ಎಚ್ಚರಿಕೆ ಓದಿ ಸೆಟ್ ಆಫ್ ಮಾಡಿದವನಿಗೆ ಸಿಗುವುದಿಲ್ಲ.

ಇನ್ನು ಕೆ ಸೂಚ್ಯಂಕ. ನಮ್ಮ ಹ್ಯಾಮ್‌ಗಳ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಸದಾ ಕೂತಿರುವ ಈ ಅಂಕಿಯನ್ನು ಇಡೀ ಭೂಮಿಯದೆಂದು ಓದುತ್ತೇವೆ. ಗ್ರಹಮಟ್ಟದ ಕೆ ಸೂಚ್ಯಂಕ ತಯಾರಾಗುವುದು 13 ಕಾಂತೀಯ ವೀಕ್ಷಣಾಲಯಗಳ ಅಳತೆಯಿಂದ. ಅವೆಲ್ಲ ಸುಮಾರು 44ರಿಂದ 60 ಡಿಗ್ರಿ ಭೂಕಾಂತೀಯ ಅಕ್ಷಾಂಶದಲ್ಲಿವೆ. ಭಾರತದ ಒಂದೂ ಅದರಲ್ಲಿಲ್ಲ. ಧ್ರುವದ ಬಳಿಯ ಪಥಗಳಲ್ಲಿ ಮಾತಾಡುವ ಕೆನಡಾದವರಿಗೆ, ನಾರ್ವೆಯವರಿಗೆ ಆ ಅಂಕಿ ಜೀವಾಳ. ಅದನ್ನೇ ನೋಡಿ ನಾವು ಸಂಜೆಯ ನೆಟ್ (ರೇಡಿಯೊದಲ್ಲೇ ಸೇರುವ ಹ್ಯಾಮ್ ಕೂಟ) ರದ್ದು ಮಾಡುವುದೆಂದರೆ ಚಿರಾಪುಂಜಿಯ ಮಳೆ ಲೆಕ್ಕ ಓದಿ ಕೋಲಾರದ ಕೆರೆ ಕೋಡಿ ಬಿತ್ತೆಂದು ಡಂಗುರ ಹೊಡೆದ ಹಾಗೆ. ದೊಡ್ಡ ಬಿರುಗಾಳಿ ನಮ್ಮನ್ನು ಮುಟ್ಟುವುದೇ ಇಲ್ಲವೇ? ಖಂಡಿತ ಮುಟ್ಟುತ್ತದೆ. 1859ರ ಸೆಪ್ಟೆಂಬರಿನ ಕ್ಯಾರಿಂಗ್ಟನ್ ಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯ ಭೂಕಾಂತಕ್ಷೇತ್ರ ಸುಮಾರು 1600 ನ್ಯಾನೊಟೆಸ್ಲಾದಷ್ಟು ಕುಸಿದದ್ದನ್ನು ಬರೆದಿಟ್ಟಿದೆ. ಜಗತ್ತಿನ ವಿಜ್ಞಾನಿಗಳು ಆ ಬಿರುಗಾಳಿಯ ಬಲ ತಿಳಿಯಲು ಇಂದಿಗೂ ತಿರುಗಿ ನೋಡುವುದು ಆ ದಾಖಲೆಯನ್ನೇ. ಆದರೆ ಬಿರುಗಾಳಿ ನಮ್ಮ ಆಕಾಶದಲ್ಲಿ ಮಾಡುವ ಕೆಲಸ ಬೇರೆ. ಒಮ್ಮೆ ಎಲೆಕ್ಟ್ರಾನ್ ಸಾಂದ್ರತೆಯನ್ನು ಇಳಿಸುತ್ತದೆ, ಇನ್ನೊಮ್ಮೆ ಏರಿಸುತ್ತದೆ. ಅದು ಇಲ್ಲಿಗೆ ಬಂದಾಗ ನಮ್ಮಲ್ಲಿ ಎಷ್ಟು ಗಂಟೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ನಮ್ಮ ಆಕಾಶದ ವಿಶೇಷವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹ್ಯಾಮ್ ಪರೀಕ್ಷೆಗೆ ಓದುವವರ ಕೈಗೆ ಸಿಗುವ ಅಮೆರಿಕ, ಬ್ರಿಟನ್ನಿನ ಕೈಪಿಡಿಗಳಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ಭಾರತದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿಕೊಂಡದ್ದೂ ಇದಕ್ಕಾಗಿಯೇ. ಹಗಲಿನಲ್ಲಿ ಆ ರೇಖೆಯುದ್ದಕ್ಕೂ ನೂರು ಕಿಲೊಮೀಟರ್‌ಗೂ ತುಸು ಮೇಲೆ ವಿದ್ಯುತ್ ಪ್ರವಾಹವೊಂದು ಪೂರ್ವಕ್ಕೆ ಹರಿಯುತ್ತದೆ. ಅದರ ಜೊತೆಗಿನ ವಿದ್ಯುತ್ ಕ್ಷೇತ್ರ ಅಯಾನುಗೋಳದ ಎಲೆಕ್ಟ್ರಾನ್‌ಗಳನ್ನು ಮೇಲಕ್ಕೆತ್ತುತ್ತದೆ. ಅವು ಕಾಂತರೇಖೆಗಳ ಗುಂಟ ಜಾರಿ ಉತ್ತರಕ್ಕೂ ದಕ್ಷಿಣಕ್ಕೂ ಬೀಳುತ್ತವೆ. ಹೀಗಾಗಿ ಸಮಭಾಜಕದ ಮೇಲೆ ತಗ್ಗು, ಅಹಮದಾಬಾದ್, ಭೋಪಾಲದ ಆಸುಪಾಸು ದಿಣ್ಣೆ. ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಗುಂಟ ಹರಿಯುವ ವಿಚಾರವನ್ನು ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ 1946ರಲ್ಲೇ ಮುಂದಿಟ್ಟಿದ್ದರು. ಕಾಮಸಮುದ್ರ ಇರುವುದು ಆ ತಗ್ಗಿಗೂ ದಿಣ್ಣೆಗೂ ನಡುವಿನ ಇಳಿಜಾರಿನಲ್ಲಿ.

ಹೊತ್ತು ಮುಳುಗಿದ ಮೇಲೆ ಇನ್ನೊಂದು ಆಟ ಶುರುವಾಗುತ್ತದೆ. ಅಯಾನುಗೋಳದ ಮೇಲಿನ ಪದರದ ತಳದಿಂದ ಎಲೆಕ್ಟ್ರಾನ್ ಕಡಿಮೆಯಿರುವ ಗುಳ್ಳೆಗಳು ಮೇಲೇಳುತ್ತವೆ, ಅದರಲ್ಲೂ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ. ಮಧ್ಯಾಹ್ನವೆಲ್ಲ ಪಕ್ಕದ ಕೋಣೆಯಿಂದ ಬಂದಷ್ಟು ನಿಚ್ಚಳವಾಗಿದ್ದ ಯುರೋಪಿನ ಧ್ವನಿ ರಾತ್ರಿ ಎಂಟರ ಹೊತ್ತಿಗೆ ನಡುಗತೊಡಗುತ್ತದೆ. ಅಕ್ಷರಗಳು ಒಡೆಯುತ್ತವೆ, ಸಂಕೇತದ ಬಲ ತೋರಿಸುವ ಎಸ್-ಮೀಟರಿನ ಮುಳ್ಳು ನಿಂತಲ್ಲಿ ನಿಲ್ಲುವುದಿಲ್ಲ. ಕೆ ಸೂಚ್ಯಂಕ ಆಗ 1 ಇರಬಹುದು, ಪರದೆಯ ಹಸಿರು ಬಣ್ಣ ‘ಕಂಡೀಷನ್ ಉತ್ತಮ’ ಎನ್ನುತ್ತಿರಬಹುದು. ಬಿರುಗಾಳಿಯ ಸಂಜೆ ಕೆಲವೊಮ್ಮೆ ಈ ಗುಳ್ಳೆಗಳೇ ಏಳದೆ ಬ್ಯಾಂಡ್ ತಿಳಿಯಾಗಿಯೂ ಇರುತ್ತದೆ. ಬೇರೆಯವರ ಅಂಕಿ ನಮಗೆ ಸಾಲದು ಎನ್ನುವುದಕ್ಕೆ ಬೆಂಗಳೂರಿನಲ್ಲೇ ದೊಡ್ಡ ಸಾಕ್ಷಿಯಿದೆ. ವಿಮಾನಗಳಿಗೆ ದಾರಿ ತೋರುವ ಗಗನ್ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಕುಂದಲಹಳ್ಳಿಯಲ್ಲಿದೆ. ಅಮೆರಿಕದ ಆಕಾಶಕ್ಕೆ ಹೊಂದುತ್ತಿದ್ದ ಅಯಾನುಗೋಳದ ಲೆಕ್ಕ ನಮ್ಮ ಏರುಪೇರಿಗೆ ಒಗ್ಗದೆ, ಇಸ್ರೊ ನಮ್ಮ ಅಕ್ಷಾಂಶಕ್ಕೆಂದೇ ಬೇರೆ ಮಾದರಿ ರೂಪಿಸಬೇಕಾಯಿತು. ವಿಮಾನಯಾನ ಒಪ್ಪಿಕೊಂಡ ಈ ಸಂಗತಿಯನ್ನು ಹವ್ಯಾಸಿ ರೇಡಿಯೊ ಇನ್ನೂ ಒಪ್ಪಿಕೊಂಡಿಲ್ಲ ಎಂಬುದು ನನಗೆ ನೋವಿನ ವಿಷಯ.

ಸೂರ್ಯಕಲೆಗಳ ಹನ್ನೊಂದು ವರ್ಷದ ಚಕ್ರವೇ ಹಣೆಬರಹ ಎಂಬ ಮಾತು ಚುಟುಕಾಗಿ. 2019ರಲ್ಲಿ ತಜ್ಞರ ಸಮಿತಿ ಈ ಚಕ್ರದ ಶಿಖರ 2025ರ ಜುಲೈಯಲ್ಲಿ, ಸೂರ್ಯಕಲೆ ಸಂಖ್ಯೆ 115ರ ಸುತ್ತ ಎಂದಿತ್ತು. ಸರಾಸರಿ ಸಂಖ್ಯೆ 2024ರ ಅಕ್ಟೋಬರಿನಲ್ಲೇ 160 ದಾಟಿತು. ಇಂಥ ಮುನ್ಸೂಚನೆ ನಂಬಿ ಹೊಸಬರಿಗೆ ‘ಈಗ ಬೇಡ, ಆಮೇಲೆ ಬಾ’ ಎನ್ನುವುದು ತಪ್ಪು. ಸೂರ್ಯ ನೆತ್ತಿಯ ಬಳಿಯೇ ಇರುವ ನಮ್ಮಲ್ಲಿ ಚಟುವಟಿಕೆ ತೀರ ಇಳಿದ ವರ್ಷಗಳಲ್ಲೂ ಹಗಲಿನ ಅಯಾನುಗೋಳ ಲಂಡನ್ನಿನದಕ್ಕಿಂತ ಗಟ್ಟಿಯಾಗಿರುತ್ತದೆ. 2004ರ ಡಿಸೆಂಬರಿನಲ್ಲಿ 23ನೇ ಚಕ್ರ ಇಳಿಮುಖದಲ್ಲಿತ್ತು. ಹವ್ಯಾಸಕ್ಕೆಂದು ಪೋರ್ಟ್‌ಬ್ಲೇರ್‌ಗೆ ಹೋಗಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಜೊತೆಗಾರರು ಸುನಾಮಿಯ ದಿನ ಅದೇ ಸೆಟ್‌ಗಳಿಂದ ಅಂಡಮಾನಿನ ಸುದ್ದಿಯನ್ನು ಮುಖ್ಯ ಭೂಮಿಗೆ ತಲುಪಿಸಿದರು. 2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ ತಂದ ಎಫ್‌ಟಿ8 ಎಂಬ ಡಿಜಿಟಲ್ ವಿಧಾನವಂತೂ ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಹಿಡಿದು, ಸತ್ತಿದೆ ಎನ್ನುತ್ತಿದ್ದ ಬ್ಯಾಂಡ್‌ಗಳಲ್ಲಿ ಎಷ್ಟು ಜೀವ ಇತ್ತೆಂದು ತೋರಿಸಿಕೊಟ್ಟಿದೆ.

ಸೂರ್ಯನ ಮೇಲೆ ಹೊರಿಸುವ ಇನ್ನೊಂದು ಆರೋಪ ಅವನದೇ ಅಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ‘ಬ್ಯಾಂಡ್ ಡೆಡ್’ ಎನ್ನುವವರ ಮುಕ್ಕಾಲು ತೊಂದರೆ ಯುಪಿಎಸ್, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಲಿಫ್ಟ್ ಮೋಟರುಗಳಿಂದ ಏಳುವ ಗದ್ದಲದ್ದು. ಪರೀಕ್ಷೆ ಸುಲಭ. ಸೆಟ್ಟನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಇಳಿಸಿ, ಮುಳ್ಳನ್ನು ನೋಡಿ. ಮುಳ್ಳು ಧಡಕ್ಕನೆ ಇಳಿದರೆ ದೋಷ ಮನೆಯೊಳಗಿದೆ. ಅದೇ ಸೆಟ್ಟನ್ನು ಕಾಮಸಮುದ್ರದ ಹೊಲದಂಚಿಗೆ ಒಯ್ದು, ಹತ್ತಿರದ ಬೋರ್‌ವೆಲ್ ಪಂಪು ನಿಂತ ಹೊತ್ತಿನಲ್ಲಿ ಕೇಳಿದರೆ, ಅದೇ ಸೂರ್ಯನ ಕೆಳಗೆ ಅದೇ ಗಂಟೆಯಲ್ಲಿ ಆಸ್ಟ್ರೇಲಿಯಾ ಕೇಳುತ್ತದೆ.

ಈ ಸೀಮೆಗೆ ಅಳತೆಯ ಪರಂಪರೆ ಹೊಸದಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಎರಡು ಕಿಲೊಮೀಟರ್‌ಗೂ ಆಳದಲ್ಲಿ ಉಪಕರಣ ಇಟ್ಟು 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಹಿಡಿದರು. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನಲ್ಲಿ ಸೂರ್ಯನ ರೇಡಿಯೊ ಚಿತ್ರ ತೆಗೆಯುವ ಹೀಲಿಯೊಗ್ರಾಫ್ 1997ರಿಂದ ಕೆಲಸ ಮಾಡುತ್ತಿದೆ. ಹ್ಯಾಮ್‌ಗಳ 50 ಮೆಗಾಹರ್ಟ್ಸ್ ಬ್ಯಾಂಡ್ ಅದರ ವ್ಯಾಪ್ತಿಯೊಳಗೇ ಬರುತ್ತದೆ. ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1 ನೌಕೆಯ ಕರೋನಾಗ್ರಾಫ್ ಸಿದ್ಧವಾದದ್ದು ಕೋಲಾರದ ದಾರಿಯ ಹೊಸಕೋಟೆಯಲ್ಲಿ. ಇಷ್ಟೆಲ್ಲ ಕೈಯಳತೆಯಲ್ಲಿರುವಾಗ ನಮ್ಮ ಹ್ಯಾಮ್ ಬೆಳಗಾದರೆ ಅಮೆರಿಕದ ಕೊಲರಾಡೊದ ಬೌಲ್ಡರ್‌ನಿಂದ ಬರುವ ಕೆ ಸೂಚ್ಯಂಕದ ಅಂಕಿಗಾಗಿ ಕಾಯಬೇಕಿಲ್ಲ. ತಿರುನಲ್ವೇಲಿ ಮತ್ತು ಅಲಿಬಾಗ್ ವೀಕ್ಷಣಾಲಯಗಳ ಕಾಂತೀಯ ಅಳತೆಗಳ ನಡುವಿನ ವ್ಯತ್ಯಾಸ ನಮ್ಮ ಮೇಲಿನ ವಿದ್ಯುತ್ ಪ್ರವಾಹ ಆ ದಿನ ಎಷ್ಟು ಬಲವಾಗಿತ್ತೆಂದು ಹೇಳುತ್ತದೆ. ಸಂಜೆಯ ಬ್ಯಾಂಡ್ ಬಗ್ಗೆ ಊಹಿಸಲು ನಾನಾದರೆ ಮೊದಲು ಅದನ್ನು ನೋಡುತ್ತೇನೆ.

ಅಷ್ಟೂ ಬೇಡವೆಂದರೆ ಕೆಜಿಎಫ್‌ನ ಒಂದು ಪ್ರೌಢಶಾಲೆಯಲ್ಲಿ ಇಷ್ಟು ಮಾಡಬಹುದು. ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಅಂಗಡಿಯಿಂದ ತಾಮ್ರದ ವೈಂಡಿಂಗ್ ವೈರ್ ತಂದು, ಮರದ ಚೌಕಟ್ಟಿಗೆ ಹಲವು ಸುತ್ತು ಸುತ್ತಿ, ತುದಿಗಳನ್ನು ಕಂಪ್ಯೂಟರಿನ ಮೈಕ್ ಕಿಂಡಿಗೆ ಕೊಡಬೇಕು. ತಿರುನಲ್ವೇಲಿ ಬಳಿಯ ವಿಜಯನಾರಾಯಣಂನಲ್ಲಿರುವ ನೌಕಾಪಡೆಯ ಕೇಂದ್ರ 18.2 ಕಿಲೊಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ. 48 ಕಿಲೊಹರ್ಟ್ಸ್ ದರದ ಸಾಮಾನ್ಯ ಸೌಂಡ್‌ಕಾರ್ಡ್ ಅದನ್ನು ಹಿಡಿಯಬಲ್ಲದು. ಹಗಲಿನಲ್ಲಿ ಜ್ವಾಲೆ ಸಿಡಿದರೆ ಪರದೆಯ ಮೇಲೆ ಆ ಸಂಕೇತದ ಬಲ ತೋರಿಸುವ ಗೆರೆ ತಟ್ಟನೆ ಜಾಗ ಬದಲಿಸುತ್ತದೆ, ರಾತ್ರಿ ಸಿಡಿದದ್ದಕ್ಕೆ ಅಲುಗುವುದಿಲ್ಲ. ಭಾರತೀಯ ಕಾಲಮಾನದಲ್ಲಿ ಗಂಟೆ ಬರೆದು, ಪಕ್ಕದಲ್ಲಿ ಅದೇ ಹೊತ್ತಿನ 7, 14, 28 ಮೆಗಾಹರ್ಟ್ಸ್‌ನ ಸ್ಥಿತಿ ಬರೆದಿಟ್ಟ ಲಾಗ್‌ಬುಕ್ ಒಂದು ಚಕ್ರದುದ್ದಕ್ಕೂ ಸಿಕ್ಕರೆ, ಈ ಲೇಖನದ ಯಾವ ಮಾತು ಸರಿ, ಯಾವುದು ತಿದ್ದಬೇಕಾದ್ದು ಎಂಬುದನ್ನೂ ಆ ಮಕ್ಕಳೇ ಹೇಳಿಯಾರು.