ಪ್ರಯೋಗಾಲಯದ ವಾರ್ಷಿಕ ವರದಿ: ಹೇಳುವುದೆಷ್ಟು, ಬಿಡುವುದೆಷ್ಟು?

ಅಮೆರಿಕದಲ್ಲಿ ಎಂಐಟಿ ಎಂದೇ ಹೆಸರಾದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆಸರನ್ನು ನೀವು ಕೇಳಿರುತ್ತೀರಿ. ಅಲ್ಲಿನ ಮೈಕ್ರೋಸಿಸ್ಟಮ್ಸ್ ಟೆಕ್ನಾಲಜಿ ಲ್ಯಾಬೊರೇಟರೀಸ್‌ನಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಸಿಲಿಕಾನ್ ಬಿಲ್ಲೆಗಳ ಮೇಲೆ ಹೊಸ ಬಗೆಯ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸಿ ಅಳೆಯುತ್ತಾರೆ. ಹೀಗೆ ನಡೆದ ಕೆಲಸವನ್ನೆಲ್ಲ ಒಟ್ಟುಗೂಡಿಸಿ ವರ್ಷಕ್ಕೊಂದು ಸಂಶೋಧನಾ ವರದಿಯನ್ನು ಹೊರತರುವುದು ಆ ಪ್ರಯೋಗಾಲಯದ ಪದ್ಧತಿ. 2000ರ ದಶಕದ ಸಂಪುಟಗಳಲ್ಲಿ ಸಿಲಿಕಾನ್ ಸಾಧನಗಳಿಗೆ ದೊಡ್ಡ ಪಾಲು ದೊರೆತಿದೆ. ಇಂಥ ವರದಿಯನ್ನು ಪುಸ್ತಕದಂತೆ ವಿಮರ್ಶಿಸುವುದು ನಮ್ಮಲ್ಲಿ ರೂಢಿಯಲ್ಲಿಲ್ಲ. ಆದರೆ ಚಿಪ್ ತಂತ್ರಜ್ಞಾನದ ಮುಂದಿನ ದಾರಿಯನ್ನು ಇಂಥ ವರದಿಗಳಿಂದಲೇ ಊಹಿಸುವವರು ಬಹಳ ಮಂದಿ ಇರುವುದರಿಂದ ಅವುಗಳ ಗುಣದೋಷಗಳನ್ನು ಪರಿಶೀಲಿಸುವುದು ಅಗತ್ಯ.

ಮೊದಲು ಗುಣವನ್ನೇ ಹೇಳೋಣ. ವರದಿಯ ರಚನೆ ಸರಳ. ಪ್ರತಿ ಯೋಜನೆಗೂ ಹೆಚ್ಚುಕಡಿಮೆ ಒಂದು ಪುಟ. ಮೇಲೆ ವಿದ್ಯಾರ್ಥಿಯ ಮತ್ತು ಮಾರ್ಗದರ್ಶಕರ ಹೆಸರು, ಹಣ ಕೊಟ್ಟವರು ಯಾರೆಂಬ ಉಲ್ಲೇಖ. ಕೆಳಗೆ ನಾಲ್ಕಾರು ಪ್ಯಾರಾಗಳ ವಿವರಣೆ, ಒಂದೆರಡು ಚಿತ್ರ ಅಥವಾ ನಕ್ಷೆ. ಪಿಎಚ್.ಡಿ. ಪ್ರಬಂಧದ ನೂರಾರು ಪುಟಗಳನ್ನು ಓದಲಾಗದವರಿಗೂ ಕೆಲಸದ ತಿರುಳು ಸಿಗುತ್ತದೆ. ವಿದ್ಯಾರ್ಥಿಯ ಹೆಸರನ್ನು ಮುಂದಿಡುವ ರೀತಿಯೂ ಮೆಚ್ಚತಕ್ಕದ್ದು.

ಇನ್ನು ದೋಷ. ಅದನ್ನು ತಿಳಿಯಲು ಒಂದೇ ಸಂಪುಟವನ್ನು ನೋಡಿದರೆ ಸಾಲದು. ಒಂದು ಸಂಶೋಧನೆಯನ್ನು ಹತ್ತು ಹನ್ನೆರಡು ವರ್ಷ ಹಿಂಬಾಲಿಸಬೇಕು. ಅದಕ್ಕೆ ತಕ್ಕ ಉದಾಹರಣೆಯೆಂದರೆ 'ಸ್ಟ್ರೇನ್ಡ್ ಸಿಲಿಕಾನ್', ಅಂದರೆ ಎಳೆದು ಹಿಗ್ಗಿಸಿದ ಸಿಲಿಕಾನ್.

ಎಳೆದ ಸಿಲಿಕಾನಿನ ಕಥೆ

ಸಿಲಿಕಾನ್ ಹರಳಿನ ಜಾಲಕದ ಅಳತೆ 0.543 ನ್ಯಾನೋಮೀಟರ್; ಜರ್ಮೇನಿಯಮ್‌ನದು 0.566 ನ್ಯಾನೋಮೀಟರ್. ವ್ಯತ್ಯಾಸ ಸುಮಾರು ಶೇಕಡಾ 4. ಸಿಲಿಕಾನಿಗೆ ಶೇಕಡಾ 20ರಷ್ಟು ಜರ್ಮೇನಿಯಮ್ ಬೆರೆಸಿದರೆ ಮಿಶ್ರಣದ ಜಾಲಕ ಸಿಲಿಕಾನಿಗಿಂತ ಸುಮಾರು ಶೇಕಡಾ 0.8ರಷ್ಟು ಅಗಲವಾಗುತ್ತದೆ. ಅದರ ಮೇಲೆ ತೆಳುವಾದ ಶುದ್ಧ ಸಿಲಿಕಾನ್ ಪದರವನ್ನು ಬೆಳೆಸಿದರೆ ಮೇಲಿನ ಪರಮಾಣುಗಳು ಕೆಳಗಿನವುಗಳ ಸಾಲಿಗೆ ಹೊಂದಿಕೊಂಡು ಕೂರುತ್ತವೆ. ಹಾಗಾಗಿ ಪದರವು ಎರಡೂ ದಿಕ್ಕಿಗೆ ಹಿಗ್ಗುತ್ತದೆ. ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆಯಂತೆ ಎನ್ನಬಹುದು. ಹೀಗೆ ಹಿಗ್ಗಿದ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳ ಚಲನಶೀಲತೆ ಸುಮಾರು ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡದೆಯೇ ಅದರ ವೇಗ ಹೆಚ್ಚಿಸುವ ದಾರಿಯಿದು.

ಕಷ್ಟವಿದ್ದದ್ದು ತಳದ ಮಿಶ್ರಪದರದಲ್ಲಿ. ಜಾಲಕಗಳು ಹೊಂದದ ಕಡೆ ಪರಮಾಣುಗಳ ಸಾಲು ತಪ್ಪಿ, ಆ ದೋಷ ಎಳೆಯಂತೆ ಮೇಲಿನವರೆಗೂ ಏರಿಬರುತ್ತದೆ. ಜರ್ಮೇನಿಯಮ್ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ಈ ದೋಷಗಳನ್ನು ಬಹಳ ಕಡಿಮೆ ಮಾಡಬಹುದೆಂದು 1991ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದ ಯೂಜೀನ್ ಫಿಟ್ಜ್‌ಜೆರಾಲ್ಡ್ ಮತ್ತು ಸಂಗಡಿಗರು ತೋರಿಸಿದರು. 1992ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೂಡಿ ಹಾಯ್ಟ್ ಹಾಗೂ ಜೇಮ್ಸ್ ಗಿಬ್ಬನ್ಸ್ ಅವರಿದ್ದ ತಂಡ ಎಳೆದ ಸಿಲಿಕಾನಿನ ಟ್ರಾನ್ಸಿಸ್ಟರ್‌ಗಳನ್ನು ಪ್ರಕಟಿಸಿತು. ಫಿಟ್ಜ್‌ಜೆರಾಲ್ಡ್ ಮತ್ತು ಹಾಯ್ಟ್ ಇಬ್ಬರೂ ಮುಂದೆ ಎಂಐಟಿ ಸೇರಿದರು. ಹೀಗಾಗಿ ಈ ವಿಷಯ ಅಲ್ಲಿನ ವಾರ್ಷಿಕ ವರದಿಗಳಲ್ಲಿ ವರ್ಷ ವರ್ಷವೂ ಕಾಣಿಸಿಕೊಂಡಿತು.

2001ರ ಜೂನ್‌ನಲ್ಲಿ ಐಬಿಎಂ ಕಂಪನಿ ಈ ತಂತ್ರದ ಬಗ್ಗೆ ಪ್ರಕಟಣೆ ಹೊರಡಿಸಿತು. ಎಲೆಕ್ಟ್ರಾನುಗಳ ಹರಿವು ಶೇಕಡಾ 70ರವರೆಗೆ, ಚಿಪ್‌ನ ವೇಗ ಶೇಕಡಾ 35ರವರೆಗೆ ಹೆಚ್ಚಬಹುದು ಎಂಬುದು ಅದರ ಸಾರ. ಇಲ್ಲಿ ಸ್ವಲ್ಪ ನಿಲ್ಲಿ. ಹರಿವಿನಲ್ಲಿ 70 ಗಳಿಸಿದರೆ ವೇಗದಲ್ಲಿ 35 ಮಾತ್ರ ಏಕೆ? ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಅದರ ಎರಡು ತುದಿಗಳಲ್ಲಿನ ರೋಧ ಮುಂತಾದ ಅಡ್ಡಿಗಳ ಪಾಲು ಹೆಚ್ಚುತ್ತದೆ. ಚಲನಶೀಲತೆಯ ಲಾಭ ಪೂರ್ತಿಯಾಗಿ ಕೈಗೆ ಬರುವುದಿಲ್ಲ. ಪತ್ರಿಕೆಯ ತಲೆಬರಹಕ್ಕೆ ದೊಡ್ಡ ಅಂಕಿ ಸಾಕು. ಎಂಜಿನಿಯರಿಗೆ ಬೇಕಾದದ್ದು ಎರಡು ಅಂಕಿಗಳ ನಡುವಿನ ಅಂತರ.

ಕಾರ್ಖಾನೆ ಹಿಡಿದ ಬೇರೆ ದಾರಿ

2003ರಲ್ಲಿ ಇಂಟೆಲ್ ಕಂಪನಿ 90 ನ್ಯಾನೋಮೀಟರ್ ಪೀಳಿಗೆಯ ಚಿಪ್‌ಗಳಲ್ಲಿ ಎಳೆದ ಸಿಲಿಕಾನನ್ನು ಬೃಹತ್ ಉತ್ಪಾದನೆಗೆ ತಂದಿತು. ವಿಶ್ವವಿದ್ಯಾಲಯದ ಕನಸು ನನಸಾಯಿತೆಂದು ನೀವು ಭಾವಿಸಬಹುದು. ಆದರೆ ಇಂಟೆಲ್ ಬಳಸಿದ್ದು ಆ ಮಿಶ್ರತಳದ ಬಿಲ್ಲೆಯನ್ನಲ್ಲ. ಸಾಮಾನ್ಯ ಸಿಲಿಕಾನ್ ಬಿಲ್ಲೆಯನ್ನೇ. ಪಿ-ಬಗೆಯ ಟ್ರಾನ್ಸಿಸ್ಟರಿನಲ್ಲಿ ಸೋರ್ಸ್ ಮತ್ತು ಡ್ರೇನ್ ಭಾಗಗಳನ್ನು ಕೊರೆದು ಅಲ್ಲಿ ಸಿಲಿಕಾನ್-ಜರ್ಮೇನಿಯಮ್ ತುಂಬಲಾಯಿತು. ಅದು ನಡುವಿನ ಚಾನೆಲನ್ನು ಎರಡು ಬದಿಯಿಂದ ಒತ್ತುತ್ತದೆ. ಎನ್-ಬಗೆಯದಕ್ಕೆ ಮೇಲಿನಿಂದ ಸಿಲಿಕಾನ್ ನೈಟ್ರೈಡಿನ ಬಿಗಿ ಹೊದಿಕೆ ಹಾಕಲಾಯಿತು. ಅದು ಚಾನೆಲನ್ನು ಎಳೆಯುತ್ತದೆ. ಬಿಲ್ಲೆಯನ್ನೆಲ್ಲ ಎರಡೂ ದಿಕ್ಕಿಗೆ ಹಿಗ್ಗಿಸುವ ಬದಲು, ಬೇಕಾದ ಕಡೆ ಬೇಕಾದ ಒಂದು ದಿಕ್ಕಿನಲ್ಲಿ ಮಾತ್ರ ಒತ್ತುವುದು ಅಥವಾ ಎಳೆಯುವುದು ಈ ಉಪಾಯ. ಐಬಿಎಂ ಮತ್ತು ಎಎಂಡಿ ಕಂಪನಿಗಳು 2004ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದೂ ಇಂಥದೇ ಹೊದಿಕೆಯ ವಿಧಾನ.

ಕಾರಣಗಳು ಹಲವು. ಎರಡೂ ದಿಕ್ಕಿಗೆ ಹಿಗ್ಗಿಸಿದ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳಿಗೆ ಲಾಭವಾದರೂ 'ರಂಧ್ರ'ಗಳೆಂಬ ಧನವಾಹಕಗಳ ಲಾಭ, ಗೇಟಿನ ವಿದ್ಯುತ್ ಕ್ಷೇತ್ರ ಬಲವಾದಂತೆ ಕರಗಿಹೋಗುತ್ತದೆ. ಚಿಪ್‌ನಲ್ಲಿ ಟ್ರಾನ್ಸಿಸ್ಟರ್ ಕೆಲಸ ಮಾಡುವುದು ಬಲವಾದ ಕ್ಷೇತ್ರದಲ್ಲೇ. ಒಂದೇ ದಿಕ್ಕಿನ ಒತ್ತಡದಲ್ಲಿ ಆ ಲಾಭ ಉಳಿಯುತ್ತದೆ. ಜೊತೆಗೆ ಎರಡು ಮೂರು ಮೈಕ್ರೋಮೀಟರ್ ದಪ್ಪದ ಮಿಶ್ರಪದರ ಬೆಳೆಸುವುದು ದುಬಾರಿ. ಅದು ಶಾಖವನ್ನು ಸಿಲಿಕಾನಿನಷ್ಟು ಚೆನ್ನಾಗಿ ಸಾಗಿಸುವುದೂ ಇಲ್ಲ.

ಕೊನೆಯದಾಗಿ ದೋಷಗಳ ಲೆಕ್ಕ. ನೀವೇ ಮಾಡಿ ನೋಡಿ. 2004ರ ಆರಂಭದಲ್ಲಿ ಬಂದ ಇಂಟೆಲ್‌ನ 90 ನ್ಯಾನೋಮೀಟರ್ ಪೆಂಟಿಯಮ್ ಚಿಪ್‌ನ ವಿಸ್ತೀರ್ಣ 112 ಚದರ ಮಿಲಿಮೀಟರ್, ಅದರಲ್ಲಿ 12.5 ಕೋಟಿ ಟ್ರಾನ್ಸಿಸ್ಟರ್‌ಗಳು. ಮಿಶ್ರತಳದ ಬಿಲ್ಲೆಯಲ್ಲಿ ಚದರ ಸೆಂಟಿಮೀಟರಿಗೆ ಒಂದು ಲಕ್ಷ ದೋಷವಷ್ಟೇ ಇದೆ ಎಂದಿಟ್ಟುಕೊಳ್ಳಿ. ಸಂಶೋಧನೆಯ ದೃಷ್ಟಿಯಿಂದ ಇದು ಒಳ್ಳೆಯ ಬಿಲ್ಲೆ. ಆದರೂ ಅಂಥ ಒಂದು ಚಿಪ್‌ಗೆ ಒಂದು ಲಕ್ಷಕ್ಕೂ ಹೆಚ್ಚು ದೋಷಗಳು ಬರುತ್ತವೆ. ಎಲ್ಲ ದೋಷವೂ ಮಾರಕವಲ್ಲ ನಿಜ. ಆದರೆ ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳ ಪೈಕಿ ಕೆಲವೇ ಕೆಲವು ಕೈಕೊಟ್ಟರೂ ಚಿಪ್ ಕಸದ ಬುಟ್ಟಿಗೆ ಹೋಗಬಹುದು. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಒಂದು ಟ್ರಾನ್ಸಿಸ್ಟರ್ ಸಿಕ್ಕರೆ ಫಲಿತಾಂಶ. ಕಾರ್ಖಾನೆಯಲ್ಲಿ ಕೆಲಸ ಮಾಡದ ಟ್ರಾನ್ಸಿಸ್ಟರ್ ಎಷ್ಟೆಂಬುದೇ ಫಲಿತಾಂಶ.

ವರದಿಯ ಕೊರತೆ

ಈ ಇಡೀ ಕಥೆ ವಾರ್ಷಿಕ ವರದಿಯನ್ನು ಓದಿದವನಿಗೆ ತಿಳಿಯುವುದೇ? ಒಂದೊಂದು ತುಣುಕು ತಿಳಿಯುತ್ತದೆ. ರಂಧ್ರಗಳ ಲಾಭ ಕರಗುವುದು ವಿಶ್ವವಿದ್ಯಾಲಯಗಳ ಅಳತೆಗಳಲ್ಲೇ ಕಂಡಿತ್ತು, ಯಾರೂ ಮುಚ್ಚಿಟ್ಟಿರಲಿಲ್ಲ. ಆದರೆ ಇಂಥ ವರದಿಗಳಲ್ಲಿ ಪ್ರತಿವರ್ಷದ ಪುಟವೂ ಹೊಸದಾಗಿ ಶುರುವಾಗುತ್ತದೆ: ಸಮಸ್ಯೆ ಇದು, ನಾವು ಮಾಡಿದ್ದು ಇದು, ನಕ್ಷೆ ಇಗೋ. ಕಳೆದ ವರ್ಷ ಹೇಳಿದ್ದು ಏನಾಯಿತು, ಯಾವ ದಾರಿಯನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂಬುದಕ್ಕೆ ಅದರಲ್ಲಿ ಸ್ಥಾನವೇ ಇಲ್ಲ. ವಿದ್ಯಾರ್ಥಿ ಪದವಿ ಪಡೆದು ಹೋದರೆ ಯೋಜನೆಯೂ ಮೌನವಾಗಿ ಮಾಯವಾಗುತ್ತದೆ. ಗೆದ್ದದ್ದಕ್ಕೆ ಪುಟವಿದೆ, ನಿಂತುಹೋದದ್ದಕ್ಕೆ ಒಂದು ಸಾಲೂ ಇಲ್ಲ. ನನ್ನ ಮುಖ್ಯ ಆಕ್ಷೇಪ ಇದೇ. ಇದು ಒಂದು ಪ್ರಯೋಗಾಲಯದ ತಪ್ಪಲ್ಲ. ವಾರ್ಷಿಕ ವರದಿ ಎಂಬ ಪ್ರಕಾರದ್ದೇ ದೋಷ.

ಅಹಿತ ಫಲಿತಾಂಶವನ್ನು ಹೇಳಿದರೆ ಪ್ರಯೋಗಾಲಯದ ಮಾನ ಹೋಗುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಎಂಐಟಿಯಲ್ಲೇ ಡಿಮಿಟ್ರಿ ಆಂಟೋನಿಯಾಡಿಸ್ ಮತ್ತು ಅವರ ವಿದ್ಯಾರ್ಥಿ 2001ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅತಿ ಚಿಕ್ಕ ಟ್ರಾನ್ಸಿಸ್ಟರ್‌ಗಳು ಭೌತವಿಜ್ಞಾನ ವಿಧಿಸಿದ ಗರಿಷ್ಠ ಮಿತಿಯನ್ನು ಮುಟ್ಟುತ್ತಿವೆಯೇ ಎಂಬುದು ಪ್ರಶ್ನೆ. ಇಲ್ಲ, ಅರ್ಧದಷ್ಟನ್ನೂ ಮುಟ್ಟಿಲ್ಲ ಎಂಬುದು ಉತ್ತರ. ಯಾರಿಗೂ ಹೆಮ್ಮೆ ತರುವ ಅಂಕಿಯಲ್ಲ. ಆದರೆ ಚಿಕ್ಕದು ಮಾಡಿದರೆ ವೇಗ ತಾನಾಗಿ ಬರುವುದಿಲ್ಲ, ಬೇರೆ ಉಪಾಯ ಬೇಕು ಎಂಬುದನ್ನು ಅದು ಸ್ಪಷ್ಟಪಡಿಸಿತು. ಇಂಥ ಒಂದು ಪುಟ ದಾಖಲೆ ಮುರಿದ ಹತ್ತು ಪುಟಗಳಿಗೆ ಸಮ.

ಹಾಗೆಂದು ವರದಿಯಿಂದ ಕಾರ್ಖಾನೆಯ ಭರವಸೆಯನ್ನು ಕೇಳುವುದೂ ಅನ್ಯಾಯ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚೆನ್‌ಮಿಂಗ್ ಹು ಮತ್ತು ಸಹೋದ್ಯೋಗಿಗಳು ಮೀನಿನ ಈಜುರೆಕ್ಕೆಯಂತೆ ಎದ್ದುನಿಂತ 'ಫಿನ್‌ಫೆಟ್' ಟ್ರಾನ್ಸಿಸ್ಟರ್‌ಗಳನ್ನು 1990ರ ದಶಕದ ಕೊನೆಯಲ್ಲಿ ಮಾಡಿ ತೋರಿಸಿದರು. ಅದೇ ತತ್ವದ ಚಿಪ್‌ಗಳು ಇಂಟೆಲ್‌ನಿಂದ ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಮೊದಲ ವರ್ಷದ ಪುಟವನ್ನು ನೋಡಿ ಅದರ ಭವಿಷ್ಯ ಹೇಳಲು ಯಾರಿಂದ ಸಾಧ್ಯವಿತ್ತು? ಎಳೆದ ಸಿಲಿಕಾನಿನ ವಿಷಯದಲ್ಲೂ ಹಾಗೆಯೇ. ಬಿಲ್ಲೆ ಬೇಡವಾದರೂ ವಿದ್ಯೆ ಬೇಕಾಯಿತು. ಎಳೆದರೆ, ಒತ್ತಿದರೆ ವಾಹಕಗಳ ನಡತೆ ಹೇಗೆ ಬದಲಾಗುತ್ತದೆಂಬ ತಿಳಿವಳಿಕೆಯನ್ನು ಬೆಳೆಸಿದವರಲ್ಲಿ ಈ ಪ್ರಯೋಗಾಲಯಗಳೂ ಇವೆ. ಅದನ್ನು ಕಲಿತ ವಿದ್ಯಾರ್ಥಿಗಳು ಉದ್ಯಮಕ್ಕೆ ಹೋದರು. ನಿಂತುಹೋದ ದಾರಿಯ ಲೆಕ್ಕ ಬೇಕೆನ್ನುವುದು ಇದಕ್ಕಾಗಿಯೇ: ಯಾವುದು ವ್ಯರ್ಥವಾಗಲಿಲ್ಲ ಎಂಬುದೂ ಆ ಲೆಕ್ಕದಿಂದಲೇ ತಿಳಿಯುತ್ತದೆ.

ಮುಂದೆ ಇಂಥ ವರದಿಯೊಂದು ನಿಮ್ಮ ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳಿ. ನಕ್ಷೆಯಲ್ಲಿರುವುದು ಎಷ್ಟು ಸಾಧನಗಳ ಅಳತೆ, ಅತ್ಯುತ್ತಮವಾದ ಒಂದರದೋ ಸರಾಸರಿಯೋ? ಹೋಲಿಕೆ ಯಾವುದರೊಡನೆ, ಅಂದಿನ ಒಳ್ಳೆಯ ಸಾಧನದೊಡನೆಯೋ ಹಳೆಯದರೊಡನೆಯೋ? ಎನ್ ಮತ್ತು ಪಿ ಎರಡೂ ಬಗೆಗಳಿಗೆ ಲಾಭವಿದೆಯೇ? ಕಳೆದ ವರ್ಷದ ಪುಟದಲ್ಲಿ ಹೇಳಿದ 'ಮುಂದಿನ ಕೆಲಸ' ಈ ವರ್ಷ ಎಲ್ಲಿದೆ?

ಇದು ದೂರದ ಊರಿನ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮುಂಬಯಿಯ ಐಐಟಿಯಲ್ಲೂ 2000ರ ದಶಕದ ಉತ್ತರಾರ್ಧದಿಂದ ಕೇಂದ್ರ ಸರ್ಕಾರದ ಹಣದಲ್ಲಿ ನ್ಯಾನೋಎಲೆಕ್ಟ್ರಾನಿಕ್ಸ್ ಕೇಂದ್ರಗಳು ಬೆಳೆದಿವೆ. 2021ರ ಡಿಸೆಂಬರ್‌ನಲ್ಲಿ ಅರೆವಾಹಕ ಉದ್ಯಮಕ್ಕಾಗಿ 76,000 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಇಷ್ಟು ಹಣ ಹರಿಯುವಾಗ ವರದಿಗಳೂ ಹೆಚ್ಚುತ್ತವೆ, 'ದಾಖಲೆ'ಗಳೂ ಹೆಚ್ಚುತ್ತವೆ. ನಮ್ಮ ಪ್ರಯೋಗಾಲಯಗಳು ತಮ್ಮ ವಾರ್ಷಿಕ ವರದಿಯ ಕೊನೆಗೆ 'ಈ ವರ್ಷ ಕೈಬಿಟ್ಟ ದಾರಿಗಳು' ಎಂಬ ಎರಡು ಪುಟಗಳನ್ನು ಸೇರಿಸಿದರೆ, ಮುಂದಿನ ವಿದ್ಯಾರ್ಥಿಗೆ ಎರಡು ವರ್ಷ ಉಳಿಯುತ್ತದೆ. ತೆರಿಗೆ ಕೊಟ್ಟವನಿಗೆ ನಂಬಿಕೆ ಉಳಿಯುತ್ತದೆ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಬೇಕಾದದ್ದು ಅಷ್ಟನ್ನು ಬರೆಯುವ ಧೈರ್ಯ, ಮತ್ತು ಅದನ್ನು ಸೋಲೆಂದು ಎಣಿಸದೆ ಓದುವ ನಮ್ಮ ತಾಳ್ಮೆ.